ಖಾಡೆ ಇಲ್ಲದ ಖಾನಾವಳಿ



ಕಳೆದ ದೀಪಾವಳಿಗೆ ಮೂರು ವಾರ ಮೊದಲು ಪುಣೆಯಿಂದ ನನ್ನ ಮಗಳು ಫೋನು ಮಾಡಿದಳು. ಅವಳು, ಅಳಿಯಂದಿರು, 7 ವರ್ಷದ ಮೊಮ್ಮಗ ಮತ್ತು 3 ವರ್ಷದ ಮೊಮ್ಮಗಳು ರಜೆಯಲ್ಲಿ ದಾಂಡೇಲಿಯ ಕಾಡಿನಂಚಿನ ಒಂದು ರೆಸಾರ್ಟಿನಲ್ಲಿ 3 ರಾತ್ರಿ ತಂಗುವ ವಿಚಾರ ಮಾಡಿದ್ದರು. ಕೋಣೆ ನಿಶ್ಚಯವಾಗಿತ್ತು. ನಿಶ್ಚಯವಾಗದೆ ಉಳಿದದ್ದು ಊಟ.

"ಅಪ್ಪಾ, ಊಟದ್ದೂ ಕೂಡಿಸಿ ಈಗ ರೊಕ್ಕ ಕಟ್ಟಿಬಿಡ್ಲೇನು? ಈಗ ಕಟ್ಟಿದ್ರ ಸ್ವಲ್ಪ ಕಡಿಮಿ ಮಾಡ್ತಾರಂತ. ಆದ್ರ ಉಣ್ಣಲಿಲ್ಲ ಅಂದ್ರ ರೊಕ್ಕ ಹೊಳ್ಳಿ ಬರೂದಿಲ್ಲ" ಎಂದಳು. ಮೂರೂ ಹೊತ್ತಿನದನ್ನು ಕಟ್ಟಿಬಿಟ್ಟರೆ ಅಲ್ಲಿ ಹೋದ ಮೇಲೆ ತಲೆಬಿಸಿ ಇರುವುದಿಲ್ಲ ಎಂಬುದು ಅಳಿಯಂದಿರ ಅಭಿಪ್ರಾಯ. ಮಕ್ಕಳು ಉಣ್ಣುವುದೇ ಇಷ್ಟು, ಅದಕ್ಕೆ ಅಷ್ಟು ರೊಕ್ಕವೇ ಎಂಬುದು ಇವಳ ಚಿಂತೆ.

ನಾನು ಮೂವತ್ತೈದು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವನು. ಒಂದು ಪ್ರಶ್ನೆ ಕೇಳಿದರೆ ಅದರ ಹಿಂದಿನ ನೂರು ವರ್ಷಗಳನ್ನು ಹೇಳದೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ. ನನ್ನ ವಿದ್ಯಾರ್ಥಿಗಳಾಗಿದ್ದವರಿಗೆ ಇದು ಚೆನ್ನಾಗಿ ಗೊತ್ತು. ಮಗಳು "ಸಂಜೀಕ ಮತ್ತ ಮಾಡ್ತೀನಿ" ಎಂದು ಫೋನು ಇಟ್ಟಳು. ಅವಳಿಗೆ ಹೇಳಬೇಕೆಂದು ಅಂದು ಮಧ್ಯಾಹ್ನ ಬಸವನ ಬಾಗೇವಾಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಯೋಚಿಸಿದ್ದನ್ನು, ಅವಳಿಗೆ ಹೇಳಲಾಗದೆ ಉಳಿದದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ಮುಂಗಡ ಹಣ ಕೊಟ್ಟು ಉಣ್ಣುವುದು ರೆಸಾರ್ಟುಗಳಿಂದ ಬಂದ ಹೊಸ ಪದ್ಧತಿಯೆಂದು ಈಗಿನವರು ತಿಳಿದಂತಿದೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಒಂದು ಹೆಸರು ಬಹಳ ಹಿಂದಿನಿಂದಲೂ ಇದೆ, ಅದು ಖಾನಾವಳಿ. ಈ ಶಬ್ದ ನಮಗೆ ಮರಾಠಿಯಿಂದ ಬಂದದ್ದು. ಮರಾಠಿಯಲ್ಲಿ ಬೀಸುವ ಕೂಲಿಗೆ 'ದಳಣಾವಳ' ಎನ್ನುತ್ತಾರೆ, ಬಟ್ಟೆ ಒಗೆಯುವ ಕೂಲಿಗೆ 'ಧುಣಾವಳ' ಎನ್ನುತ್ತಾರೆ. ಅದೇ ರೀತಿ 'ಖಾಣಾವಳ' ಎಂದರೆ ಉಣ್ಣುವುದಕ್ಕೆ ಕೊಡುವ ಹಣ. ಮೊದಲು ಅದು ಹಣದ ಹೆಸರು, ಆಮೇಲೆ ಆ ಹಣಕ್ಕೆ ಊಟ ಬಡಿಸುವ ಮನೆಯ ಹೆಸರು. ನಾವು 'ಖಾನಾವಳಿಗೆ ಹೋಗುತ್ತೇನೆ' ಎನ್ನುವಾಗ, ಅರಿಯದೆಯೇ, ಲೆಕ್ಕ ಚುಕ್ತಾ ಮಾಡಲು ಹೋಗುತ್ತೇನೆ ಎಂದೇ ಹೇಳುತ್ತಿರುತ್ತೇವೆ.

ಅದಕ್ಕಿಂತ ಹಿಂದೆ ಪರಸ್ಥಳದಲ್ಲಿ ಉಣ್ಣುವುದೆಂದರೆ ಹಣದ ಮಾತಾಗಿರಲಿಲ್ಲ. ನಾನೀಗ ವಾಸಿಸುವ ಬಾಗೇವಾಡಿಯು ಬಸವಣ್ಣನವರ ಊರು. ಹನ್ನೆರಡನೆಯ ಶತಮಾನದ ಶರಣರು ದಾಸೋಹವೆಂದು ಕರೆದ ಪದ್ಧತಿಯಲ್ಲಿ ಬಂದವನ ಎಲೆಗೆ ಬಡಿಸಿದ್ದನ್ನು ಯಾರೂ ಬರೆದಿಡುವುದಿಲ್ಲ. ಮಠಗಳಲ್ಲಿ ಇಂದಿಗೂ ಅದು ನಡೆದಿದೆ. ಇನ್ನೊಂದು ಪದ್ಧತಿ ವಾರಾನ್ನ. ನನ್ನ ತಂದೆಯವರು ಇಂಡಿ ತಾಲೂಕಿನ ಹಳ್ಳಿಯಿಂದ ಓದಲೆಂದು ಸಿಂದಗಿಗೆ ಬಂದಾಗ, 1940ರ ದಶಕದಲ್ಲಿ, ಹೀಗೆ ಉಂಡು ಓದಿದವರು. ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ. ಅವರಿಗೆ ಆರು ಮನೆಗಳು ಮಾತ್ರ ಸಿಕ್ಕಿದ್ದವು. ಗುರುವಾರಕ್ಕೆ ಮನೆ ಸಿಗಲಿಲ್ಲ. ಆ ದಿನ ಶೇಂಗಾ, ಬೆಲ್ಲ, ನೀರು. ಮುಂದೆ ಅವರು ಗುರುವಾರದ ಉಪವಾಸವನ್ನು ಕೊನೆಯವರೆಗೂ ಬಿಡಲಿಲ್ಲ. ನಮ್ಮ ತಾಯಿ ಅದನ್ನು ದೇವರ ವ್ರತವೆಂದೇ ನಂಬಿದ್ದಳು. ವಾರಾನ್ನಕ್ಕೆ ರೊಕ್ಕ ಕೊಡಬೇಕಿರಲಿಲ್ಲ. ಆದರೆ ಅದು ಪುಕ್ಕಟೆಯೂ ಆಗಿರಲಿಲ್ಲ. ನೀರು ಸೇದಿ ಕೊಡಬೇಕು, ಮನೆಯ ಹುಡುಗರಿಗೆ ಮಗ್ಗಿ ಹೇಳಿಸಬೇಕು, ಬಡಿಸಿದ್ದನ್ನು ಉಣ್ಣಬೇಕು, ಎರಡನೆಯ ಬಾರಿ ಕೇಳಬಾರದು.

ಹಣ ಕೊಟ್ಟು ಉಣ್ಣುವವರ ಗುಂಪು ನಮ್ಮ ಕಡೆ ಬೆಳೆದದ್ದು ರೈಲಿನಿಂದ ಎಂಬುದು ನನ್ನ ಊಹೆ. 1876ರಿಂದ 1878ರ ಘೋರ ಬರಗಾಲದ ನಂತರ ಹೋಟಗಿಯಿಂದ ವಿಜಾಪುರದ ಮೇಲೆ ಗದಗಕ್ಕೆ ರೈಲುಮಾರ್ಗ ಹಾಕಲಾಯಿತು. 1884ರಲ್ಲಿ ಗಾಡಿ ಓಡಿತು. ಮರುವರ್ಷ, 1885ರಲ್ಲಿ, ಜಿಲ್ಲೆಯ ಮುಖ್ಯಸ್ಥಳ ಕಲಾದಗಿಯಿಂದ ವಿಜಾಪುರಕ್ಕೆ ಬಂತು. ಕಚೇರಿ ಬಂದರೆ ಕಾರಕೂನರು ಬರುತ್ತಾರೆ, ಕೋರ್ಟು ಬಂದರೆ ತಾರೀಖಿಗೆ ಅಲೆಯುವವರು ಬರುತ್ತಾರೆ. ಇವರೆಲ್ಲ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರು. ಇಂಡಿ ರೋಡ್, ಬಾಗೇವಾಡಿ ರೋಡ್ ಎಂದು ಊರಿನಿಂದ ದೂರದಲ್ಲಾದರೂ ಈ ಎರಡು ಊರುಗಳ ಹೆಸರಿನ ಸ್ಟೇಶನ್ನುಗಳಾದವು. ಸಿಂದಗಿ, ಮುದ್ದೇಬಿಹಾಳಗಳಿಗೆ ಆ ಭಾಗ್ಯವೂ ಬರಲಿಲ್ಲ. ಅತ್ತ ಸೊಲ್ಲಾಪುರದಲ್ಲಿ 1877ರಲ್ಲೇ ದೊಡ್ಡ ನೂಲಿನ ಗಿರಣಿ ಆರಂಭವಾಗಿತ್ತು. ಇಂಡಿ, ಸಿಂದಗಿಯ ಕಡೆಯ ಜನ ದುಡಿಯಲು ಅಲ್ಲಿಗೆ ಹೋದರು. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಕಚೇರಿಯ ಮಾತಿನ ಜೊತೆಗೆ ಖಾನಾವಳಿಯ ಮಾತೂ ಸಹಜವಾಗಿ ಬಂತು.

ನಾನು 1977ರಲ್ಲಿ ಕಾಲೇಜಿಗೆಂದು ವಿಜಾಪುರಕ್ಕೆ ಹೋದಾಗ ಗಾಂಧಿ ಚೌಕದ ಹಿಂದಿನ ಓಣಿಯೊಂದರಲ್ಲಿ ಖಾನಾವಳಿ ಹಚ್ಚಿದೆ. ಎರಡು ಹೊತ್ತಿನ ಊಟಕ್ಕೆ ತಿಂಗಳಿಗೆ 60 ರೂಪಾಯಿ, ಒಂದನೆಯ ತಾರೀಖಿಗೆ ಮುಂಗಡ. ನಡೆಸುತ್ತಿದ್ದ ಹೆಣ್ಣುಮಗಳನ್ನು ನಾವೆಲ್ಲ ಅವ್ವ ಎಂದೇ ಕರೆಯುತ್ತಿದ್ದೆವು. ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಕಾಯಿಪಲ್ಯ, ಶೇಂಗಾ ಹಿಂಡಿ ಅಥವಾ ಗುರೆಳ್ಳ ಹಿಂಡಿ, ಹಸಿ ಉಳ್ಳಾಗಡ್ಡಿ, ಇಂಡಿಯ ನಿಂಬೆಹಣ್ಣಿನ ಒಂದು ಹೋಳು, ಕೊನೆಗೆ ಅನ್ನ ಸಾರು. ರವಿವಾರ ಮಧ್ಯಾಹ್ನ ಎಣ್ಣೆಗಾಯಿ. ಹಬ್ಬಕ್ಕೆ ಹೋಳಿಗೆ, ಅದಕ್ಕೆ ಬೇರೆ ರೊಕ್ಕವಿಲ್ಲ.

ಸುಮಾರು ಮೂವತ್ತು ಜನ ಉಣ್ಣುತ್ತಿದ್ದೆವು. ಎಲ್ಲರಿಗೂ ಒಂದೇ ದರ. ಆದರೆ ಎಲ್ಲರ ಹೊಟ್ಟೆ ಒಂದೇ ಅಲ್ಲ. ಮುದ್ದೇಬಿಹಾಳ ಕಡೆಯ ಒಬ್ಬ ಪೈಲ್ವಾನ ವಿದ್ಯಾರ್ಥಿ ಒಂದು ಹೊತ್ತಿಗೆ ಏಳು ರೊಟ್ಟಿ ತಿನ್ನುತ್ತಿದ್ದ. ನಾನು ಎರಡಕ್ಕೆ ಸಾಕು ಎನ್ನುತ್ತಿದ್ದೆ. ಗೆಳೆಯರು "ಇವನ ರೊಕ್ಕದಾಗ ಅವ ಉಣ್ತಾನ" ಎಂದು ನಗೆಯಾಡುತ್ತಿದ್ದರು. ನಗೆಯ ಮಾತಾದರೂ ಲೆಕ್ಕ ಸರಿಯಾದದ್ದೇ. ಒಂದೇ ದರದ ಊಟದಲ್ಲಿ ಕಡಿಮೆ ಉಣ್ಣುವವನು ಹೆಚ್ಚು ಉಣ್ಣುವವನ ಪಾಲನ್ನು ಹೊರುತ್ತಾನೆ. ಅವ್ವನಿಗೆ ನಷ್ಟವಿಲ್ಲ, ಅವಳು ಮೂವತ್ತು ಹೊಟ್ಟೆಗಳ ಸರಾಸರಿ ತೆಗೆದೇ ದರ ಹಾಕಿರುತ್ತಾಳೆ. ಅಕ್ಷರ ಬಾರದ ಆ ಹೆಣ್ಣುಮಗಳಿಗೆ ಸರಾಸರಿಯ ಲೆಕ್ಕ ನಮ್ಮ ಗಣಿತದ ಪ್ರಾಧ್ಯಾಪಕರಿಗಿಂತ ಚೆನ್ನಾಗಿ ಬರುತ್ತಿತ್ತು.

ಆದರೆ ಅಲ್ಲೊಂದು ನ್ಯಾಯವಿತ್ತು. ಅದರ ಹೆಸರು ಖಾಡೆ. ಊರಿಗೆ ಹೋಗುವವನು ಹಿಂದಿನ ರಾತ್ರಿಯೇ ಹೇಳಬೇಕು. ಅವ್ವ ಒಳಮನೆಯ ಗೋಡೆಯ ಮೇಲೆ ಅವನ ಗುರುತಿನ ಮುಂದೆ ಸುಣ್ಣದ ಕಡ್ಡಿಯಿಂದ ಒಂದು ಗೀಟು ಎಳೆಯುತ್ತಿದ್ದಳು. ಹೆಸರು ಬರೆಯಲು ಬಾರದ್ದರಿಂದ ಒಬ್ಬನಿಗೆ ಸೈಕಲ್ಲು, ಒಬ್ಬನಿಗೆ ಚಸ್ಮಾ, ನನಗೆ ಒಂದು ಗಿಡ. ಏಕೆ ಗಿಡವೋ ತಿಳಿಯದು. ತಿಂಗಳ ಕೊನೆಗೆ ಗೀಟುಗಳನ್ನು ಎಣಿಸಿ ಅಷ್ಟು ಹೊತ್ತಿನ ರೊಕ್ಕವನ್ನು ಮುಂದಿನ ತಿಂಗಳಿನಲ್ಲಿ ಮುರಿದುಕೊಳ್ಳುತ್ತಿದ್ದಳು. ಹೇಳದೆ ಹೋದರೆ ಖಾಡೆ ಇಲ್ಲ. ಏಕೆಂದರೆ ರೊಟ್ಟಿ ಬಡಿದಾಗಿರುತ್ತದೆ. ನನ್ನ ತಂದೆಯವರ ಕಾಯಿಲೆಯ ಸುದ್ದಿ ಬಂದು 1979ರ ಒಂದು ಸಂಜೆ ನಾನು ಹೇಳದೆ ಕೇಳದೆ ಊರಿಗೆ ಓಡಿದೆ. ಹನ್ನೊಂದು ದಿನ ಕಳೆದು ತಲೆ ಬೋಳಿಸಿಕೊಂಡು ಮರಳಿದಾಗ ಗೋಡೆಯ ಗಿಡದ ಮುಂದೆ ಇಪ್ಪತ್ತೆರಡು ಗೀಟುಗಳಿದ್ದವು. ನಾನು ಕೇಳಿರಲಿಲ್ಲ. ಅವಳೂ ಆ ಮಾತು ಎತ್ತಲಿಲ್ಲ. ರೊಟ್ಟಿ ಬಡಿಸಿದಳು.

ಎಲ್ಲ ಕಡೆಯೂ ಮುಂಗಡವಿರಲಿಲ್ಲ ಎಂಬುದನ್ನೂ ಹೇಳಬೇಕು. ಮುಂಬಯಿಯ ಗಿರಣಿ ಕೇರಿಗಳಲ್ಲಿ ಕೆಲಸಗಾರರಿಗೆ ಅಡಿಗೆ ಮಾಡಿ ಹಾಕುತ್ತಿದ್ದ ಖಾನಾವಳಿಯ ಹೆಂಗಸರಿಗೆ ಪಗಾರದ ನಂತರ ರೊಕ್ಕ ಸಿಗುತ್ತಿತ್ತು. ಅಲ್ಲಿಯವರೆಗೆ ದಿನಸಿ ಅಂಗಡಿಯಲ್ಲಿ ಅವರದೇ ಸಾಲ, ಸಾಲಕ್ಕೆ ಬಡ್ಡಿ. 1975ರಲ್ಲಿ ಪ್ರೇಮಾ ಪುರವ್ ಅವರು ಈ ಹೆಂಗಸರನ್ನು ಒಗ್ಗೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಬ್ಯಾಂಕಿನ ಸಾಲ ದೊರಕಿಸಿಕೊಟ್ಟದ್ದು ಈ ಕಾರಣಕ್ಕೆ. ಮುಂಗಡ ಕೊಟ್ಟರೆ ಉಣ್ಣುವವನ ಹಣ ಅಡಿಗೆಯವಳ ಬಂಡವಾಳವಾಗುತ್ತದೆ. ಹಿಂಗಡ ಕೊಟ್ಟರೆ ಅಡಿಗೆಯವಳ ಸಾಲ ಉಣ್ಣುವವನ ಊಟವಾಗುತ್ತದೆ. ಹಾಗಾಗಿ ಮುಂಗಡ ಕೇಳುವುದೇ ತಪ್ಪೆಂದು ನಾನು ಎಂದೂ ತಿಳಿದಿಲ್ಲ. ನಮ್ಮ ಅವ್ವ ನಮ್ಮ ಅರವತ್ತು ರೂಪಾಯಿಗಳಿಂದಲೇ ತಿಂಗಳ ಜೋಳ ಕೊಳ್ಳುತ್ತಿದ್ದಳು.

ಇನ್ನು ಹೊರದೇಶದ ಮಾತು. ರೆಸಾರ್ಟಿನವರು ಮಗಳಿಗೆ ಕಳಿಸಿದ ದರಪಟ್ಟಿಯಲ್ಲಿ ಸಿ.ಪಿ., ಎಂ.ಎ.ಪಿ., ಎ.ಪಿ. ಎಂಬ ಅಕ್ಷರಗಳಿದ್ದವು. ಕಾಂಟಿನೆಂಟಲ್ ಪ್ಲ್ಯಾನ್ ಎಂದರೆ ಕೋಣೆಯ ಜೊತೆ ಬೆಳಗಿನ ಉಪಾಹಾರ ಮಾತ್ರ. ಅಮೆರಿಕನ್ ಪ್ಲ್ಯಾನ್ ಎಂದರೆ ಮೂರೂ ಹೊತ್ತು. ನಡುವಿನದು ಮಾಡಿಫೈಡ್ ಅಮೆರಿಕನ್ ಪ್ಲ್ಯಾನ್. ಉಪಾಹಾರ ಮತ್ತು ಒಂದು ಊಟ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಹೋಟೆಲುಗಳಲ್ಲಿ ಕೋಣೆಗೂ ಊಟಕ್ಕೂ ಕೂಡಿಸಿ ದಿನಕ್ಕೆ ಇಷ್ಟೆಂದು ದರವಿರುತ್ತಿತ್ತು. ಗೊತ್ತುಪಡಿಸಿದ ಹೊತ್ತಿಗೆ ಬಂದು ಉಣ್ಣಬೇಕು. ಆ ಹೆಸರು ಅಲ್ಲಿಯದು. 1855ರಲ್ಲಿ ಬೋಸ್ಟನ್ ನಗರದಲ್ಲಿ ಹಾರ್ವೆ ಪಾರ್ಕರ್ ತೆರೆದ ಪಾರ್ಕರ್ ಹೌಸ್ ಕೋಣೆಯ ಬಾಡಿಗೆಯನ್ನೂ ಊಟದ ದರವನ್ನೂ ಬೇರೆ ಮಾಡಿದ ಮೊದಲ ಹೋಟೆಲುಗಳಲ್ಲೊಂದು. ಇಂಗ್ಲೆಂಡಿನ ಥಾಮಸ್ ಕುಕ್ 1868ರಲ್ಲಿ ಪ್ರವಾಸಿಗರಿಗೆ ಹೋಟೆಲ್ ಕೂಪನ್ನುಗಳನ್ನು ಮುಂಗಡವಾಗಿ ಮಾರತೊಡಗಿದ. 1950ರಲ್ಲಿ ಜೆರಾರ್ ಬ್ಲಿಟ್ಸ್ ಎಂಬ ಬೆಲ್ಜಿಯಮ್ಮಿನವನು ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆಗಳನ್ನು ಹಾಕಿ, ತಂಗುವುದು ಉಣ್ಣುವುದು ಎಲ್ಲಕ್ಕೂ ಒಂದೇ ಹಣ ಎಂಬ ಕ್ಲಬ್ ಮೆಡಿಟರೇನಿಯನ್ ಆರಂಭಿಸಿದ. ಇಂದಿನ ರೆಸಾರ್ಟುಗಳ ಹಿರಿಯಜ್ಜ ಅದು.

ನಮ್ಮ ಕರ್ನಾಟಕದಲ್ಲಿ 1980ರಲ್ಲಿ ಆರಂಭವಾದ ಜಂಗಲ್ ಲಾಡ್ಜಸ್ ಸಂಸ್ಥೆಯು ಕಬಿನಿಯಲ್ಲಿ ಇದೇ ಕ್ರಮ ಹಿಡಿಯಿತು: ವಸತಿ, ಊಟ, ಸಫಾರಿ ಎಲ್ಲ ಕೂಡಿದ ದರ. ಅಲ್ಲಿ ಅದು ಹೊಂದುತ್ತದೆ. ಕಾಡಿನ ನಡುವೆ ಬೇರೆ ಊಟ ಸಿಗುವುದಿಲ್ಲ, ಪ್ರಾಣಿ ನೋಡಲು ಹೋಗುವ ಹೊತ್ತಿಗೆ ತಕ್ಕಂತೆ ಊಟದ ಹೊತ್ತು ಇರಬೇಕಾಗುತ್ತದೆ. ಅಮೆರಿಕದ ಫ್ಲಾರಿಡಾದ ಡಿಸ್ನಿ ವಿಹಾರಧಾಮದಲ್ಲಿ ಇದೇ ವಿಷಯ ದೊಡ್ಡ ಶಾಸ್ತ್ರವೇ ಆಗಿದೆಯೆಂದು ಅಲ್ಲಿರುವ ನನ್ನ ತಂಗಿಯ ಮಗ ಹೇಳುತ್ತಾನೆ. 2005ರಲ್ಲಿ ಆರಂಭಿಸಿದ ಮುಂಗಡ ಊಟದ ಯೋಜನೆಯನ್ನು 2020ರ ಕೊರೋನಾ ಕಾಲದಲ್ಲಿ ನಿಲ್ಲಿಸಿ 2024ರ ಜನವರಿಯಲ್ಲಿ ಮತ್ತೆ ಆರಂಭಿಸಿದರು. ಅಲ್ಲಿ 3ರಿಂದ 9 ವರ್ಷದವರು ಮಕ್ಕಳು; 10 ತುಂಬಿದರೆ ದೊಡ್ಡವರ ದರ. ಹತ್ತು ವರ್ಷದ ಹುಡುಗಿ ದೊಡ್ಡವರಷ್ಟು ಉಣ್ಣುತ್ತಾಳೆಂದು ನಿರ್ಧರಿಸಿದವರು ಮಕ್ಕಳೊಡನೆ ಊಟಕ್ಕೆ ಕುಳಿತಿರಲಾರರು.

ಇಷ್ಟು ಮುನ್ನುಡಿಯ ನಂತರ, ನಾನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದ ಭಾಗಕ್ಕೆ ಬರುತ್ತೇನೆ.

1991ರ ಜೂನ್ ತಿಂಗಳಲ್ಲಿ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಮಗಳಿಗೆ ನಾಲ್ಕು ವರ್ಷ, ಮಗ ಎಂಟು ತಿಂಗಳ ಕೂಸು. ಹೋದ ಎರಡನೆಯ ವಾರದಲ್ಲಿ ನನ್ನ ಹೆಂಡತಿಗೆ ಕಾಮಾಲೆ. ಒಲೆಯ ಮುಂದೆ ಕೂಡಬಾರದೆಂದು ಡಾಕ್ಟರು ಹೇಳಿದರು. ನನಗೆ ಚಹಾ ಬಿಟ್ಟರೆ ಬೇರೆ ಮಾಡಲು ಬಾರದು. ಅಕ್ಕನನ್ನು ಕರೆಸೋಣವೆಂದರೆ ಅವಳ ಮನೆಯಲ್ಲಿ ಬಿತ್ತನೆಯ ಕಾಲ. ಕೊನೆಗೆ ಊರಿನ ಒಂದು ಖಾನಾವಳಿಯಿಂದ ಡಬ್ಬಿ ಹಚ್ಚಿಸಿದೆ. ನನ್ನದೊಂದು, ಹೆಂಡತಿಗೆ ಪಥ್ಯದ್ದೊಂದು, ಮಗಳಿಗೆ ಅರ್ಧ. ಎರಡೂವರೆ ಊಟ, ತಿಂಗಳಿಗೆ 500 ರೂಪಾಯಿ, ಮುಂಗಡ. ನನ್ನ ಪಗಾರದಲ್ಲಿ ಅದು ಸಣ್ಣ ಮೊತ್ತವಲ್ಲ. ಅದರ ಮೇಲೆ ಔಷಧದ ಖರ್ಚು.

ಡಬ್ಬಿಯಲ್ಲಿ ಬರುತ್ತಿದ್ದದ್ದು ಒಳ್ಳೆಯ ಊಟವೇ. ರೊಟ್ಟಿ, ಖಾರಬ್ಯಾಳಿ, ಹಿಂಡಿ. ಆದರೆ ನಾಲ್ಕು ವರ್ಷದ ಹುಡುಗಿಗೆ ಆ ಖಾರ ಬಾಯಿಗೆ ಹತ್ತುವಂಥದ್ದಲ್ಲ. ಅವಳು ಎರಡು ತುತ್ತು ಅನ್ನ ತಿಂದು ಎದ್ದುಬಿಡುತ್ತಿದ್ದಳು. ಹಾಲು ಬಾಳೆಹಣ್ಣು ಬೇಕೆನ್ನುತ್ತಿದ್ದಳು. ನಾನು ಪ್ರತಿದಿನ ಮನಸ್ಸಿನಲ್ಲಿ ಅರ್ಧ ಊಟದ ರೊಕ್ಕವನ್ನು ಎಣಿಸುತ್ತಿದ್ದೆ. ಅವಳ ಪಾಲಿನ ರೊಟ್ಟಿ ಉಳಿದರೆ ನಾನೇ ತಿನ್ನುತ್ತಿದ್ದೆ, ಹಸಿವಿಲ್ಲದಿದ್ದರೂ. ರೊಕ್ಕ ಕೊಟ್ಟಾಗಿದೆಯಲ್ಲ! ಮನೆಯಲ್ಲಿ ಅಡಿಗೆ ಮಾಡುವಾಗ ಮಗು ತಿನ್ನಲಿಲ್ಲವೆಂದರೆ 'ನಾಳೆ ತಿಂದೀತು' ಎನ್ನುತ್ತಿದ್ದ ಮನುಷ್ಯ ನಾನು. ಅದೇ ಜೋಳದ ಹಿಟ್ಟು, ಅದೇ ಬೇಳೆ. ಮೊದಲೇ ರೊಕ್ಕ ಕೊಟ್ಟೆನೆಂಬ ಒಂದೇ ಕಾರಣಕ್ಕೆ ಪ್ರತಿಯೊಂದು ತುತ್ತಿಗೂ ಬೆಲೆಯ ಚೀಟಿ ಅಂಟಿಕೊಂಡಿತ್ತು.

ಒಂದು ರಾತ್ರಿ ಅವಳು ರೊಟ್ಟಿ ಒಲ್ಲೆನೆಂದು ತಟ್ಟೆ ಸರಿಸಿದಳು. ನಾನು ಖಾರಬ್ಯಾಳಿಯಲ್ಲಿ ನೆನೆಸಿದ ತುತ್ತನ್ನು ಅವಳ ಬಾಯಿಗೆ ಒತ್ತಿದೆ. ಅವಳು ಉಗುಳಿದಳು. ನಾನು ಹೊಡೆದೆ. ಮೊದಲ ಬಾರಿಗೆ ಹೊಡೆದದ್ದು. ಹಾಸಿಗೆಯಲ್ಲಿ ಮಲಗಿದ್ದ ನನ್ನ ಹೆಂಡತಿ ಗೋಡೆ ಹಿಡಿದು ಎದ್ದು ಬಂದು ಕೂಸನ್ನು ಎತ್ತಿಕೊಂಡಳು. "ರೊಕ್ಕ ಹೋದ್ರ ಹೋಗ್ಲೇಳ್ರಿ. ಅದು ಉಣ್ಣಾಕ ರೊಕ್ಕ ಕೊಟ್ಟೀರಿ, ಹೊಡ್ಯಾಕಲ್ಲ" ಎಂದಳು. ಅವಳ ಕಣ್ಣು ಇನ್ನೂ ಹಳದಿಯಾಗಿದ್ದವು.

ಮರುದಿನ ಬೆಳಿಗ್ಗೆ ನಾನು ಖಾನಾವಳಿಗೆ ಹೋಗಿ ಮಗಳ ಅರ್ಧ ಊಟವನ್ನು ಮುರಿಯಬೇಕೆಂದು ಕೇಳಿದೆ. ಜಗಳಕ್ಕೇ ಸಿದ್ಧನಾಗಿ ಹೋಗಿದ್ದೆನೆಂದು ಕಾಣುತ್ತದೆ. ಮಾಲಕರು ಹಣೆಗೆ ಕೈಹಚ್ಚಿ, "ಮಾಸ್ತರ್ರ, ನಾಕ ವರ್ಸದ ಕೂಸಿಗಿ ಖಾರಬ್ಯಾಳಿ ಯಾಕ್ರಿ? ಮದಲ ಒಂದ ಮಾತ ಹೇಳಿದ್ರ ಹಾಲು-ಅನ್ನ ಕಳಸ್ತಿದ್ವಿ" ಎಂದರು. ಅಂದು ಸಂಜೆಯಿಂದ ಡಬ್ಬಿಯ ಮೇಲಿನ ಸಣ್ಣ ಬಟ್ಟಲಿನಲ್ಲಿ ಮೆತ್ತಗಿನ ಅನ್ನ, ಅದರ ಜೊತೆ ಒಂದು ಬಾಟಲಿ ಹಾಲು ಬರತೊಡಗಿತು. ಹನ್ನೆರಡು ದಿನ ನಾನು ಬಾಯಿಬಿಟ್ಟು ಕೇಳಿರಲಿಲ್ಲ. ಕೊಟ್ಟ ರೊಕ್ಕಕ್ಕೆ ಬಂದದ್ದನ್ನು ಉಣ್ಣಬೇಕು ಎಂಬುದು ಸಿಂದಗಿಯ ವಾರಾನ್ನದ ಮನೆಗಳಲ್ಲಿ ನಮ್ಮ ತಂದೆಯವರು ಕಲಿತದ್ದು. ಅದನ್ನು ನಾನು ಅರಿಯದೆ ನಾಲ್ಕು ವರ್ಷದ ಮಗುವಿನ ಮೇಲೆ ಹೇರಿದ್ದೆ.

ಆ ಮಗುವೇ ಈಗ ಫೋನಿನಲ್ಲಿ ಕೇಳುತ್ತಿರುವವಳು. ಅವಳಿಗೆ ಆ ರಾತ್ರಿ ನೆನಪಿದೆಯೋ ಇಲ್ಲವೋ, ನಾನು ಎಂದೂ ಕೇಳಿಲ್ಲ. ಇದನ್ನು ಓದಿದರೆ ತಿಳಿಯುತ್ತದೆ.

ಸಂಜೆ ಅವಳು ಮತ್ತೆ ಫೋನು ಮಾಡಿದಾಗ ನಾನು ಹಾಳೆಯ ಮೇಲೆ ಲೆಕ್ಕ ಹಾಕಿಕೊಂಡು ಕುಳಿತಿದ್ದೆ. ಕೋಣೆಯ ಬಾಡಿಗೆಯಲ್ಲೇ ಉಪಾಹಾರ ಸೇರಿತ್ತು. ಮಧ್ಯಾಹ್ನದ ಊಟಕ್ಕೆ ದೊಡ್ಡವರಿಗೆ 800, ಏಳು ವರ್ಷದವನಿಗೆ 400. ರಾತ್ರಿಯ ಊಟಕ್ಕೆ 900 ಮತ್ತು 450. ಐದರೊಳಗಿನ ಮಕ್ಕಳಿಗೆ ಹಣವಿಲ್ಲ. ಮೂರು ಮಧ್ಯಾಹ್ನಗಳಿಗೆ 6,000, ಮೂರು ರಾತ್ರಿಗಳಿಗೆ 6,750, ಒಟ್ಟು 12,750 ರೂಪಾಯಿ. ಒಂದೊಂದು ಹೊತ್ತಿಗೆ ಅಲ್ಲಿಯೇ ಹಣ ಕೊಟ್ಟು ಉಂಡರೆ ಸುಮಾರು ಹತ್ತನೆಯ ಒಂದು ಭಾಗ ಹೆಚ್ಚು. ಆ ಹತ್ತನೆಯ ಒಂದು ಭಾಗವನ್ನು ಉಳಿಸಲು ಹೋಗಿ ಎಷ್ಟು ಕಳೆಯುತ್ತೇವೆ ಎಂಬುದೇ ಪ್ರಶ್ನೆ.

"ಮೊದಲ ದಿನ ಎಷ್ಟು ಗಂಟೆಗೆ ಮುಟ್ಟತೀರಿ?" ಎಂದೆ. ಪುಣೆಯಿಂದ ದಾಂಡೇಲಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು. ಮಕ್ಕಳನ್ನು ಕಟ್ಟಿಕೊಂಡು ಹೋದರೆ ಸಂಜೆ ನಾಲ್ಕು. ಅಲ್ಲಿ ಮಧ್ಯಾಹ್ನದ ಊಟ ಎರಡೂವರೆಗೆ ಮುಗಿಯುತ್ತದೆ. ಒಂದು ಊಟ ಹೋಯಿತು. "ಎರಡನೇ ದಿನ?" ಸಿಂಥೇರಿ ಬಂಡೆ ನೋಡಲು ಹೋಗುವುದು, ಹೊರಗೇ ಮಧ್ಯಾಹ್ನ. ಇನ್ನೊಂದು ಹೋಯಿತು. ಮೂರನೆಯ ದಿನದ ಒಂದೇ ಊಟ ಉಳಿಯಿತು. ಒಂದು ಊಟಕ್ಕಾಗಿ ಮೂರರ ರೊಕ್ಕ ಕೊಡುವುದು ಯಾವ ಲೆಕ್ಕ? ಖಾಡೆ ಹಿಡಿಯುತ್ತಾರೇನು ಕೇಳು ಎಂದೆ. ಅವಳು ನಕ್ಕಳು. ಹಿಡಿಯುವುದಿಲ್ಲ. ಅವ್ವನ ಸರಾಸರಿಯಲ್ಲಿ ಗೈರುಹಾಜರಾದವನ ರೊಕ್ಕ ಅವನಿಗೇ ಮರಳುತ್ತಿತ್ತು. ಇಲ್ಲಿ ಉಣ್ಣದ ಊಟವೂ ಲಾಭದ ಲೆಕ್ಕದಲ್ಲಿ ಮೊದಲೇ ಸೇರಿರುತ್ತದೆ.

ರಾತ್ರಿಯ ಊಟದ ಮಾತು ಬೇರೆ. ಕತ್ತಲಾದ ಮೇಲೆ ಸಣ್ಣ ಮಕ್ಕಳನ್ನು ಕರೆದುಕೊಂಡು ಕಾಡಿನ ದಾರಿಯಲ್ಲಿ ಊಟ ಹುಡುಕುತ್ತ ಹೋಗುವುದು ಸಾಧುವಲ್ಲ, ಅಲ್ಲಿಯೇ ಉಣ್ಣಬೇಕು. ಆದರೆ ಅಲ್ಲಿ ರಾತ್ರಿಯ ಊಟ ಎಂಟು ಗಂಟೆಗೆ ಆರಂಭ. ನನ್ನ ಮೊಮ್ಮಗಳು ಏಳೂವರೆಗೆ ಕಣ್ಣು ತಿಕ್ಕಲು ಶುರುಮಾಡುತ್ತಾಳೆ. ಏಳು ಗಂಟೆಗೆ ಎರಡು ತಟ್ಟೆ ಮೊಸರನ್ನ ಕೊಡುತ್ತೀರಾ ಎಂದು ಅಡಿಗೆಮನೆಯವರನ್ನು ಮೊದಲೇ ಕೇಳು, ಅವರು ಹೂಂ ಎಂದರೆ ಮಾತ್ರ ರಾತ್ರಿಯದನ್ನು ಕಟ್ಟು ಎಂದೆ. ಕೇಳಲು ನಾಚಿಕೊಳ್ಳಬೇಡ ಎಂದು ಎರಡು ಬಾರಿ ಹೇಳಿದೆ. ಏಕೆ ಎರಡು ಬಾರಿ ಹೇಳಿದೆನೆಂದು ಅವಳಿಗೆ ಆಗ ಗೊತ್ತಾಗಿರಲಿಕ್ಕಿಲ್ಲ.

ದೊಡ್ಡ ಮಗನ ವಿಷಯದಲ್ಲಿ ಇನ್ನೊಂದು ಮಾತು. ಏಳು ವರ್ಷದವನು ಬಫೆಯ ಮುಂದೆ ನಿಂತರೆ ಏನು ತಿನ್ನುತ್ತಾನೆಂದು ನೀವು ಬಲ್ಲಿರಿ. ಗುಲಾಬ್ ಜಾಮೂನು ಎರಡು, ಹಪ್ಪಳ, ಐಸ್‌ಕ್ರೀಮು. 450 ರೂಪಾಯಿಗೆ ಇಷ್ಟೇ ತಿಂದೆಯಾ ಎಂದು ಅಲ್ಲಿ ಅವನ ಮೇಲೆ ಸಿಟ್ಟಾಗುವುದಿದ್ದರೆ ಕಟ್ಟಲೇಬೇಡಿರಿ ಎಂದು ಅಳಿಯಂದಿರಿಗೆ ಫೋನು ಕೊಡಿಸಿ ಹೇಳಿದೆ. ಅವರು ಸುಮ್ಮನೆ "ಆಯ್ತ್ರಿ ಮಾಮಾ" ಎಂದರು. ಮಾವ ಇಷ್ಟು ಗಂಭೀರವಾಗಿ ಏಕೆ ಮಾತಾಡಿದರೆಂದು ಅವರಿಗೆ ಅಚ್ಚರಿಯಾಗಿದ್ದರೆ ಆಗಿರಬಹುದು.

ಅವರು ರಾತ್ರಿಯ ಊಟವನ್ನಷ್ಟೇ ಸೇರಿಸಿ ಹಣ ಕಟ್ಟಿದರು. ಅಡಿಗೆಮನೆಯವರು ಏಳು ಗಂಟೆಯ ಮೊಸರನ್ನಕ್ಕೆ ಒಪ್ಪಿದರು. ಬಿಸಿ ಅನ್ನಕ್ಕೆ ಹಾಲು ಮೊಸರು ಕಲಿಸಿ ಕೋಣೆಗೇ ಕಳಿಸಿಕೊಟ್ಟರಂತೆ. ಎರಡನೆಯ ರಾತ್ರಿ ಮೊಮ್ಮಗ ಪ್ರಯಾಣದ ದಣಿವಿಗೆ ಉಣ್ಣದೆಯೇ ಮಲಗಿಬಿಟ್ಟ. 450 ರೂಪಾಯಿ ಹೋಯಿತು. ಯಾರೂ ಎಬ್ಬಿಸಲಿಲ್ಲವಂತೆ. ಮೂರನೆಯ ಮಧ್ಯಾಹ್ನ ಅಲ್ಲಿಯೇ ಹಣ ಕೊಟ್ಟು ಉಂಡರು. ಆ ಊಟವೊಂದೇ ಸ್ವಲ್ಪ ದುಬಾರಿಯಾಯಿತೆಂದು ಮಗಳು ಹೇಳಿದಳು.

ಸಿಂಥೇರಿಗೆ ಹೋದ ದಿನದ ಮಧ್ಯಾಹ್ನಕ್ಕೆ ಮಾತ್ರ ಯಾರಿಗೂ ರೊಕ್ಕ ಕೊಡುವ ಪ್ರಸಂಗ ಬರಲಿಲ್ಲ. ನನ್ನ ಹೆಂಡತಿ ಖಡಕ್ ರೊಟ್ಟಿಯ ಒಂದು ಡಬ್ಬಿ, ಶೇಂಗಾ ಹಿಂಡಿ, ಮಕ್ಕಳಿಗೆಂದು ಖಾರವಿಲ್ಲದೆ ಬೆಲ್ಲ ಬೆರೆಸಿದ ಹಿಂಡಿಯ ಇನ್ನೊಂದು ಸಣ್ಣ ಡಬ್ಬಿ ಕಟ್ಟಿ ಸೊಲ್ಲಾಪುರದ ಮೇಲೆ ಹೋಗುವ ಬಸ್ಸಿನಲ್ಲಿ ಪರಿಚಯದವರ ಕೈಯಲ್ಲಿ ಪುಣೆಗೆ ಕಳಿಸಿದ್ದಳು. ಬಂಡೆಯ ಹತ್ತಿರ ಕಾರಿನ ಹಿಂದಿನ ಬಾಗಿಲು ತೆರೆದು ಕುಳಿತು ತಿಂದರಂತೆ. ಮೊಮ್ಮಗಳು ಬೆಲ್ಲದ ಹಿಂಡಿಯನ್ನು ನೆಕ್ಕಿ ರೊಟ್ಟಿಯನ್ನು ಮಂಗಗಳಿಗೆ ಎಸೆದಳು ಎಂದು ಮಗಳು ಹೇಳಿದಾಗ ನನ್ನ ಹೆಂಡತಿ ಬಹಳ ಹೊತ್ತು ನಕ್ಕಳು.